ದ್ವೇಷಕ್ಕೆ ಸಮವಸ್ತ್ರ ತೊಡಿಸಿದವರು

ಪೊಲೀಸ್ ಸಮವಸ್ತ್ರ ಕೇವಲ ಬಟ್ಟೆಯಲ್ಲ. ಬಲವನ್ನು ಪ್ರಯೋಗಿಸುವ ಅಧಿಕಾರವನ್ನು ಪ್ರಜೆಗಳು ತಮ್ಮ ಕೈಯಿಂದ ಬಿಟ್ಟು ಪ್ರಭುತ್ವದ ಕೈಗೆ ಒಪ್ಪಿಸಿದ್ದಾರೆ ಎಂಬುದರ ಗುರುತು ಅದು. ಆ ಬಲ ಯಾವ ಜನಾಂಗ, ಯಾವ ಧರ್ಮ, ಯಾವ ಭಾಷೆಯವನೆಂದು ನೋಡದೆ ಎಲ್ಲರನ್ನೂ ಕಾಯುತ್ತದೆ ಎಂಬ ಭರವಸೆಯ ಮೇಲೆಯೇ ಈ ಒಪ್ಪಂದ ನಿಂತಿದೆ. ಆದರೆ ಒಂದು ಜನಾಂಗವನ್ನು ಶ್ರೇಷ್ಠವೆಂದೂ ಉಳಿದವರನ್ನು ಕೀಳೆಂದೂ ನಂಬಿದ ಖಾಸಗಿ ಗುಂಪೊಂದಕ್ಕೆ ಸರಕಾರವೇ ಆ ಸಮವಸ್ತ್ರವನ್ನು ತೊಡಿಸಿದರೆ ಏನಾಗುತ್ತದೆ? ಈ ಪ್ರಶ್ನೆಗೆ ನಮ್ಮ ಕಾಲವೇ ಒಂದು ಉತ್ತರವನ್ನು ಬರೆದಿಟ್ಟಿದೆ. ಉಕ್ರೇನಿನ ಅಝೋವ್ ಪಡೆಯ ಇತಿಹಾಸವೇ ಆ ಉತ್ತರ.

2022ರ ಫೆಬ್ರವರಿಯಲ್ಲಿ ರಶ್ಯವು ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ಆರಂಭಿಸಿದ ಬಳಿಕ ಈ ಪಡೆಯ ಬಗ್ಗೆ ಜಗತ್ತಿಗೆ ಎರಡು ಕಥೆಗಳನ್ನು ಹೇಳಲಾಗಿದೆ. ಮಾಸ್ಕೋ ಹೇಳುವ ಕಥೆಯಲ್ಲಿ ಅಝೋವ್ ಎಂದರೆ ಇಡೀ ಉಕ್ರೇನ್, ಇಡೀ ಉಕ್ರೇನ್ ಎಂದರೆ ನಾಝಿಗಳು. ಪಾಶ್ಚಾತ್ಯ ರಾಜಧಾನಿಗಳು ಹೇಳುವ ಕಥೆಯಲ್ಲಿ ಅಝೋವ್ ಎಂದರೆ ಕಳಂಕವೇ ಇಲ್ಲದ ವೀರರು. ಅವರ ಹಿನ್ನೆಲೆಯನ್ನು ಕೆದಕುವವನು ರಶ್ಯದ ಏಜೆಂಟ್. ಎರಡೂ ಸುಳ್ಳು. ಎರಡು ಸುಳ್ಳುಗಳ ನಡುವೆ ಒಂದನ್ನು ಆರಿಸಿಕೊಳ್ಳಬೇಕಾದ ಅನಿವಾರ್ಯತೆ ನಮಗಿಲ್ಲ. ನಡೆದದ್ದೇನು ಎಂಬುದನ್ನು ಕ್ರಮವಾಗಿ ನೋಡೋಣ.

2014ರ ಮಾರ್ಚ್‌ನಲ್ಲಿ ರಶ್ಯವು ಕ್ರಿಮಿಯಾವನ್ನು ಕಬಳಿಸಿದಾಗ ಉಕ್ರೇನಿನ ಸೇನೆ ಹೆಸರಿಗಷ್ಟೇ ಇತ್ತು. 41 ಸಾವಿರ ಸಂಖ್ಯೆಯ ಭೂಸೇನೆಯಲ್ಲಿ ಯುದ್ಧಕ್ಕೆ ಸಿದ್ಧರಿರುವವರು 6 ಸಾವಿರ ಮಾತ್ರ ಎಂದು ಅಂದಿನ ಹಂಗಾಮಿ ರಕ್ಷಣಾ ಸಚಿವ ಇಹೋರ್ ತೆನ್ಯುಖ್ ತಾವೇ ಒಪ್ಪಿಕೊಂಡಿದ್ದರು. ಪೂರ್ವದ ದೊನೆತ್ಸ್ಕ್ ಮತ್ತು ಲುಹಾನ್ಸ್ಕ್ ಪ್ರಾಂತಗಳಲ್ಲಿ ರಶ್ಯ ಬೆಂಬಲಿತ ಬಂಡುಕೋರರು ಸರಕಾರಿ ಕಟ್ಟಡಗಳನ್ನು ವಶಪಡಿಸಿಕೊಂಡಾಗ ಅಲ್ಲಿನ ಪೊಲೀಸರಲ್ಲಿ ಅನೇಕರು ಕೈಕಟ್ಟಿ ನಿಂತರು, ಕೆಲವರು ಅವರ ಜೊತೆಗೇ ಸೇರಿದರು. ಆಗ ಆಂತರಿಕ ವ್ಯವಹಾರಗಳ ಸಚಿವ ಆರ್ಸೆನ್ ಅವಾಕೊವ್ ಒಂದು ದಾರಿ ಹುಡುಕಿದರು. ಸ್ವಯಂಸೇವಕರನ್ನು ಸೇರಿಸಿಕೊಂಡು ವಿಶೇಷ ಗಸ್ತು ಪೊಲೀಸ್ ದಳಗಳನ್ನು ಕಟ್ಟಲು ಏಪ್ರಿಲ್‌ನಲ್ಲಿ ಆದೇಶ ಹೊರಟಿತು. ಹೀಗೆ ಹುಟ್ಟಿದ ದಳಗಳ ಸಂಖ್ಯೆ ಮೂವತ್ತನ್ನು ಮೀರಿತು. ದ್ನಿಪ್ರೊ-1, ದೊನ್ಬಾಸ್, ಟೊರ್ನಾಡೊ, ಅಝೋವ್ ಮುಂತಾದ ಹೆಸರುಗಳು ಆಗ ಕೇಳಿಬಂದವು.

ಈ ದಳಗಳಿಗೆ ಸೇರಿದವರಲ್ಲಿ ಹೆಚ್ಚಿನವರು ಸಾಮಾನ್ಯ ಜನರು. ದೇಶ ಕೈತಪ್ಪುತ್ತಿದೆ ಎಂಬ ಸಂಕಟದಿಂದ ಬಂದೂಕು ಹಿಡಿದ ವಿದ್ಯಾರ್ಥಿಗಳು, ಗುಮಾಸ್ತರು, ಕಾರ್ಮಿಕರು ಅವರಲ್ಲಿದ್ದರು. ಸರಿಯಾದ ಶಸ್ತ್ರವೂ ತರಬೇತಿಯೂ ಇಲ್ಲದೆ ಅವರನ್ನು ರಣರಂಗಕ್ಕೆ ನೂಕಲಾಯಿತು. 2014ರ ಆಗಸ್ಟ್‌ನಲ್ಲಿ ಇಲೊವಾಯ್ಸ್ಕ್ ಎಂಬಲ್ಲಿ ಸುತ್ತುವರಿಯಲ್ಪಟ್ಟು ಹತರಾದವರ ಸಂಖ್ಯೆ ಸರಕಾರದ ಲೆಕ್ಕದಲ್ಲೇ 366. ಅವರ ತ್ಯಾಗವನ್ನು ಹಗುರವಾಗಿ ಕಾಣುವುದು ಅನ್ಯಾಯ. ನಮ್ಮ ಆಕ್ಷೇಪ ಅವರ ಮೇಲಲ್ಲ. ಯಾರು ಬಂದರೂ ಸರಿ, ಬಂದೂಕು ಹಿಡಿದರೆ ಸಾಕು ಎಂದು ಬಾಗಿಲು ತೆರೆದಿಟ್ಟ ಸರಕಾರದ ಮೇಲೆ.

ಆ ತೆರೆದ ಬಾಗಿಲಿನಿಂದ ಒಳಬಂದವರಲ್ಲಿ ಆಂದ್ರಿ ಬಿಲೆಟ್ಸ್ಕಿ ಒಬ್ಬರು. ಖಾರ್ಕಿವ್ ನಗರದ ಇವರು 'ಪೇಟ್ರಿಯಟ್ ಆಫ್ ಉಕ್ರೇನ್' ಎಂಬ ಸಂಘಟನೆಯ ಮತ್ತು 'ಸೋಶಿಯಲ್ ನ್ಯಾಶನಲ್ ಅಸೆಂಬ್ಲಿ' ಎಂಬ ಕೂಟದ ನಾಯಕರಾಗಿದ್ದರು. ವಲಸಿಗರ ವಿರೋಧ, ಜನಾಂಗ ಶುದ್ಧಿಯ ಪ್ರತಿಪಾದನೆ, ಬೀದಿಯಲ್ಲಿ ಪಂಜಿನ ಮೆರವಣಿಗೆ ಇವೇ ಆ ಸಂಘಟನೆಯ ಬಂಡವಾಳ. ಜೈಲಿನಲ್ಲಿದ್ದ ಬಿಲೆಟ್ಸ್ಕಿ 2014ರ ಫೆಬ್ರವರಿಯಲ್ಲಿ ಅಧಿಕಾರ ಬದಲಾದಾಗ ಸಂಸತ್ತಿನ ನಿರ್ಣಯದಿಂದ ಹೊರಬಂದರು. ಮೇ ತಿಂಗಳಲ್ಲಿ ಅವರು ಪೊಲೀಸ್ ಪಡೆಯೊಂದರ ಕಮಾಂಡರ್! ಫೆಬ್ರವರಿಯಲ್ಲಿ ಕಂಬಿಗಳ ಹಿಂದಿದ್ದವರ ಕೈಯಲ್ಲಿ ಮೂರೇ ತಿಂಗಳಲ್ಲಿ ಕಾನೂನಿನ ಲಾಠಿ.

ಆ ಪಡೆ ಧರಿಸಿದ ಲಾಂಛನವನ್ನು ನೋಡಿದರೆ ಸಂಶಯಕ್ಕೆ ಎಡೆಯೇ ಉಳಿಯುವುದಿಲ್ಲ. ಅದರಲ್ಲಿದ್ದ ಅಡ್ಡಗೀಟಿನ ಚಿಹ್ನೆ ಹಿಟ್ಲರನ ಎಸ್‌ಎಸ್ ಸೇನೆಯ 'ದಾಸ್ ರೈಖ್' ವಿಭಾಗ ಬಳಸಿದ ಚಿಹ್ನೆಯನ್ನೇ ಹೋಲುತ್ತಿತ್ತು. ಅದರ ಹಿಂದೆ 'ಕಪ್ಪು ಸೂರ್ಯ' ಎಂದು ಕರೆಯಲ್ಪಡುವ ನಾಝಿ ಕಾಲದ ಚಿತ್ರ. ಇದು 'ರಾಷ್ಟ್ರದ ಪರಿಕಲ್ಪನೆ' ಎಂಬ ಪದಗಳ ಮೊದಲಕ್ಷರಗಳಷ್ಟೇ ಎಂದು ಪಡೆಯವರು ಸಮಜಾಯಿಷಿ ಕೊಟ್ಟರು. ಕಪ್ಪು ಸೂರ್ಯನನ್ನು ಮುಂದೆ ಲಾಂಛನದಿಂದ ತೆಗೆದರು. ಅದು ನಿರಪರಾಧಿ ಚಿತ್ರವಾಗಿದ್ದರೆ ತೆಗೆಯುವ ಅಗತ್ಯವಾದರೂ ಏನಿತ್ತು?

2014ರ ಜೂನ್‌ನಲ್ಲಿ ಮಾರಿಯುಪೋಲ್ ನಗರವನ್ನು ಬಂಡುಕೋರರಿಂದ ಮರಳಿ ಪಡೆಯುವಲ್ಲಿ ಈ ಪಡೆ ಪಾತ್ರ ವಹಿಸಿತು. ಅಲ್ಲಿಂದ ಅದರ ಏರುಗತಿ ಆರಂಭವಾಯಿತು. ಸೆಪ್ಟೆಂಬರ್‌ನಲ್ಲಿ ಬೆಟಾಲಿಯನ್ ರೆಜಿಮೆಂಟ್ ಆಯಿತು. ನವೆಂಬರ್‌ನಲ್ಲಿ ಅದನ್ನು ನ್ಯಾಶನಲ್ ಗಾರ್ಡ್‌ಗೆ ಸೇರಿಸಲಾಯಿತು. ಬಿಲೆಟ್ಸ್ಕಿ ಅಕ್ಟೋಬರ್ ಚುನಾವಣೆಯಲ್ಲಿ ಗೆದ್ದು ಸಂಸತ್ ಸದಸ್ಯರಾದರು. ಅವರ ಉಪ ಕಮಾಂಡರ್ ಆಗಿದ್ದ ವದೀಮ್ ತ್ರೊಯಾನ್ ಅದೇ ವರ್ಷ ಕೀವ್ ಪ್ರಾಂತದ ಪೊಲೀಸ್ ಮುಖ್ಯಸ್ಥರಾದರು, 2017ರಲ್ಲಿ ಆಂತರಿಕ ವ್ಯವಹಾರಗಳ ಉಪಸಚಿವರ ಕುರ್ಚಿಯಲ್ಲಿ ಕುಳಿತರು. ಪೊಲೀಸ್ ಇಲಾಖೆ ಅಝೋವನ್ನು ಪಳಗಿಸಿತು ಎಂದು ಹೇಳುವವರು ಒಂದು ಪ್ರಶ್ನೆಗೆ ಉತ್ತರಿಸಲಿ: ಯಾರು ಯಾರ ಮನೆಯೊಳಗೆ ಹೊಕ್ಕರು?

ಇನ್ನೊಂದು ವಿಪರ್ಯಾಸವನ್ನೂ ಗಮನಿಸಬೇಕು. ಇಂತಹ ಸ್ವಯಂಸೇವಕ ದಳಗಳಿಗೆ ಹಣ ಸುರಿದವರಲ್ಲಿ ಮುಖ್ಯರು ದ್ನಿಪ್ರೊಪೆತ್ರೊವ್ಸ್ಕ್ ಪ್ರಾಂತದ ಅಂದಿನ ಗವರ್ನರ್, ಕೋಟ್ಯಧಿಪತಿ ಇಹೋರ್ ಕೊಲೊಮೊಯ್ಸ್ಕಿ. ಅವರು ಸ್ವತಃ ಯಹೂದಿ. ಅವರ ನೆರವು ಪಡೆದ ದಳಗಳ ಪೈಕಿ ಅಝೋವ್‌ನ ಹೆಸರೂ ವರದಿಗಳಲ್ಲಿದೆ. ತಮ್ಮ ಉದ್ಯಮ ಸಾಮ್ರಾಜ್ಯಕ್ಕೆ ಅಪಾಯ ಬಂದಾಗ ಶ್ರೀಮಂತರು ತಮ್ಮದೇ ಜನಾಂಗವನ್ನು ದ್ವೇಷಿಸುವವರ ಕೈಗೂ ಕಾಸು ಕೊಡಬಲ್ಲರು. ಇದೇ ಕೊಲೊಮೊಯ್ಸ್ಕಿಯನ್ನು 2023ರ ಸೆಪ್ಟೆಂಬರ್‌ನಲ್ಲಿ ವಂಚನೆಯ ಆರೋಪದ ಮೇಲೆ ಉಕ್ರೇನ್ ಸರಕಾರವೇ ಬಂಧಿಸಿತು.

ಅಂಕೆಯಿಲ್ಲದ ಬಂದೂಕು ಏನು ಮಾಡುತ್ತದೆ ಎಂಬುದು ಬೇಗನೆ ತಿಳಿಯಿತು. ಆಯ್ದಾರ್ ಎಂಬ ಇನ್ನೊಂದು ಸ್ವಯಂಸೇವಕ ದಳ ಲುಹಾನ್ಸ್ಕ್ ಪ್ರಾಂತದಲ್ಲಿ ನಾಗರಿಕರನ್ನು ಅಪಹರಿಸಿದ, ಥಳಿಸಿದ, ಸುಲಿಗೆ ಮಾಡಿದ ಪ್ರಕರಣಗಳನ್ನು ಆಮ್ನೆಸ್ಟಿ ಇಂಟರ್‌ನ್ಯಾಶನಲ್ 2014ರ ಸೆಪ್ಟೆಂಬರ್‌ನಲ್ಲೇ ಬಯಲಿಗೆ ತಂದಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2016ರಲ್ಲಿ ಪ್ರಕಟಿಸಿದ ವರದಿಗಳಲ್ಲಿ ಅಝೋವ್ ಸದಸ್ಯರ ವಿರುದ್ಧ ಚಿತ್ರಹಿಂಸೆ, ಲೈಂಗಿಕ ಹಿಂಸೆ ಮತ್ತು ಲೂಟಿಯ ಆರೋಪಗಳು ದಾಖಲಾಗಿವೆ. ಲುಹಾನ್ಸ್ಕ್‌ನ ಪೊಲೀಸ್ ದಳವೇ ಆಗಿದ್ದ ಟೊರ್ನಾಡೊದಲ್ಲಿ ಹಿಂದೆ ಜೈಲು ಕಂಡವರೂ ಸೇರಿಕೊಂಡಿದ್ದರು. ಅದರ ಕ್ರೌರ್ಯ ಎಷ್ಟಿತ್ತೆಂದರೆ 2015ರ ಜೂನ್‌ನಲ್ಲಿ ಸರಕಾರ ಅದನ್ನು ವಿಸರ್ಜಿಸಬೇಕಾಯಿತು. 2017ರ ಏಪ್ರಿಲ್‌ನಲ್ಲಿ ಕೀವ್‌ನ ನ್ಯಾಯಾಲಯ ಅದರ ನಾಯಕನಿಗೆ 11 ವರ್ಷಗಳ ಶಿಕ್ಷೆ ವಿಧಿಸಿತು. ಅಂದರೆ ಮನಸ್ಸಿದ್ದರೆ ಉಕ್ರೇನಿನ ನ್ಯಾಯಾಲಯಗಳು ಸಮವಸ್ತ್ರಧಾರಿಗಳನ್ನೂ ಶಿಕ್ಷಿಸಬಲ್ಲವು. ಆ ಮನಸ್ಸು ಒಂದು ದಳಕ್ಕೆ ಮಾತ್ರ ಸೀಮಿತವಾಗಬೇಕಿತ್ತೇ?

ಬಿಲೆಟ್ಸ್ಕಿ 2016ರಲ್ಲಿ 'ನ್ಯಾಶನಲ್ ಕೋರ್' ಎಂಬ ಪಕ್ಷ ಕಟ್ಟಿದರು. 2018ರ ಜನವರಿಯಲ್ಲಿ ಇದೇ ಚಳವಳಿಯ ಬೀದಿ ದಳ ಕೀವ್ ನಗರದಲ್ಲಿ ಪಂಜು ಹಿಡಿದು ಮೆರವಣಿಗೆ ನಡೆಸಿ, ಊರಿನಲ್ಲಿ ಶಿಸ್ತು ತರುತ್ತೇವೆಂದು ಪ್ರತಿಜ್ಞೆ ಮಾಡಿತು. ಆ ಶಿಸ್ತಿನ ಸ್ವರೂಪ ಜೂನ್‌ನಲ್ಲಿ ಕಂಡಿತು. ಕೀವ್‌ನ ಉದ್ಯಾನವೊಂದರಲ್ಲಿ ಬೀಡುಬಿಟ್ಟಿದ್ದ ಬಡ ರೋಮಾ ಅಲೆಮಾರಿ ಕುಟುಂಬಗಳ ಗುಡಾರಗಳನ್ನು ಅವರು ಕೊಡಲಿ, ಸುತ್ತಿಗೆಗಳಿಂದ ಪುಡಿಗಟ್ಟಿದರು. ಹಿಟ್ಲರನ ಗ್ಯಾಸ್ ಕೋಣೆಗಳಲ್ಲಿ ಯಹೂದಿಗಳೊಂದಿಗೆ ಸತ್ತ ಜನಾಂಗವದು. ಎಪ್ಪತ್ತು ವರ್ಷ ಕಳೆದ ಮೇಲೂ ಮೊದಲ ಪೆಟ್ಟು ಬಿದ್ದದ್ದು ಅವರದೇ ಬೆನ್ನಿಗೆ. ದ್ವೇಷವು ಗಡಿಯಲ್ಲಿ ಶತ್ರುವಿನೊಂದಿಗೆ ಹೋರಾಡಿ ತೃಪ್ತಿಗೊಂಡು ಮನೆಗೆ ಮರಳುವುದಿಲ್ಲ. ಮರಳಿದರೆ ನೆರೆಮನೆಯ ದುರ್ಬಲನನ್ನು ಹುಡುಕುತ್ತದೆ.

ಈಗ ಅಮೆರಿಕದ ಲೆಕ್ಕಾಚಾರವನ್ನು ನೋಡೋಣ. 2015ರ ಜೂನ್‌ನಲ್ಲಿ ಅಮೆರಿಕದ ಪ್ರತಿನಿಧಿ ಸಭೆ ಅಝೋವ್‌ಗೆ ತರಬೇತಿ ಕೊಡಬಾರದೆಂಬ ತಿದ್ದುಪಡಿಯನ್ನು ಅವಿರೋಧವಾಗಿ ಅಂಗೀಕರಿಸಿತು. ವರ್ಷದ ಕೊನೆಗೆ ಮಸೂದೆ ಅಂತಿಮಗೊಂಡಾಗ ಆ ತಿದ್ದುಪಡಿ ಮಾಯವಾಗಿತ್ತು. 2018ರ ಮಾರ್ಚ್‌ನಲ್ಲಿ ನಿಷೇಧ ಮತ್ತೆ ಕಾನೂನಾಯಿತು. 2019ರ ಅಕ್ಟೋಬರ್‌ನಲ್ಲಿ 40 ಮಂದಿ ಸಂಸದರು ಪತ್ರ ಬರೆದು ಅಝೋವನ್ನು ವಿದೇಶಿ ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿಸಬೇಕೆಂದು ಆಗ್ರಹಿಸಿದರು. ಸರಕಾರ ಸೇರಿಸಲಿಲ್ಲ. 2022ರಲ್ಲಿ ಯುದ್ಧ ಬಂತು. ಅಲ್ಲಿಯವರೆಗೆ ಈ ಪಡೆಯನ್ನು ಹೊಗಳುವುದನ್ನು ನಿಷೇಧಿಸಿದ್ದ ಫೇಸ್‌ಬುಕ್, ಉಕ್ರೇನಿನ ರಕ್ಷಣೆಯ ವಿಷಯದಲ್ಲಿ ಹೊಗಳಬಹುದೆಂದು ನಿಯಮ ಸಡಿಲಿಸಿತು. 2023ರ ಜನವರಿಯಲ್ಲಿ ಅದರ ಮಾತೃಸಂಸ್ಥೆ ಮೆಟಾ ಅಝೋವ್ ರೆಜಿಮೆಂಟನ್ನು ಅಪಾಯಕಾರಿ ಸಂಘಟನೆಗಳ ಪಟ್ಟಿಯಿಂದಲೇ ಕೈಬಿಟ್ಟಿತು. 2024ರ ಜೂನ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಈ ಪಡೆಗೆ ಶಸ್ತ್ರ ನೀಡುವುದರ ಮೇಲಿದ್ದ ನಿರ್ಬಂಧವನ್ನು ತೆರವುಗೊಳಿಸಿತು. ಈಗಿನ ಬ್ರಿಗೇಡ್ ಮಾನವ ಹಕ್ಕುಗಳ ಗಂಭೀರ ಉಲ್ಲಂಘನೆ ಮಾಡಿದ್ದಕ್ಕೆ ಪುರಾವೆ ಇಲ್ಲ ಎಂಬುದು ಕೊಟ್ಟ ಕಾರಣ.

ಪುರಾವೆ ಬದಲಾಯಿತೋ, ಅಗತ್ಯ ಬದಲಾಯಿತೋ? ಭಯೋತ್ಪಾದಕ ಎಂಬ ಪದ ನಮಗೆ ಹೊಸದಲ್ಲ. 2001ರ ನಂತರದ ವರ್ಷಗಳಲ್ಲಿ ಆ ಪದವನ್ನು ಎಷ್ಟು ಸುಲಭವಾಗಿ ಒಂದು ಇಡೀ ಸಮುದಾಯದ ಹಣೆಗೆ ಹಚ್ಚಲಾಯಿತೆಂಬುದನ್ನು ನಾವು ಬಲ್ಲೆವು. ಯಾರೋ ಒಬ್ಬನ ಕೃತ್ಯಕ್ಕಾಗಿ ವಿಮಾನ ನಿಲ್ದಾಣಗಳಲ್ಲಿ ಹೆಸರು ನೋಡಿ ಬದಿಗೆ ನಿಲ್ಲಿಸಲ್ಪಟ್ಟವರು ಕೋಟ್ಯಂತರ ಸಾಮಾನ್ಯ ಜನರು. ಅದೇ ಜಗತ್ತು ನಾಝಿ ಚಿಹ್ನೆ ಧರಿಸಿದ ಪಡೆಯೊಂದರ ವಿಷಯ ಬಂದಾಗ ಎಷ್ಟೊಂದು ಸೂಕ್ಷ್ಮವಾಗಿ, ಎಷ್ಟೊಂದು ವಿವೇಚನೆಯಿಂದ ವರ್ತಿಸುತ್ತದೆ! ಹಿಂದಿನ ಪಡೆ ಬೇರೆ, ಇಂದಿನ ಪಡೆ ಬೇರೆ ಎನ್ನುತ್ತದೆ. ಚಿಹ್ನೆ ಬೇರೆ, ಚಿಂತನೆ ಬೇರೆ ಎನ್ನುತ್ತದೆ. ವಿವೇಚನೆ ಒಳ್ಳೆಯದೇ. ಅದು ಎಲ್ಲರಿಗೂ ಸಮಾನವಾಗಿ ಸಿಗದಿದ್ದಾಗ ಮಾತ್ರ ಅದರ ಹೆಸರು ಪಕ್ಷಪಾತ.

ಮುಸ್ಲಿಮರಿಗೆ ಇದರಲ್ಲಿ ಇನ್ನೂ ಹತ್ತಿರದ ನೋವಿದೆ. 2019ರ ಮಾರ್ಚ್ 15ರಂದು ನ್ಯೂಝಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ ಜುಮಾ ನಮಾಝಿಗೆ ಸೇರಿದ್ದವರ ಮೇಲೆ ಗುಂಡು ಹಾರಿಸಿ 51 ಜನರನ್ನು ಕೊಂದವನ ಕವಚದ ಮೇಲಿದ್ದದ್ದು ಅದೇ ಕಪ್ಪು ಸೂರ್ಯನ ಚಿಹ್ನೆ. ಅವನು ಅಝೋವ್‌ನಲ್ಲಿ ತರಬೇತಿ ಪಡೆದಿದ್ದನೆಂಬ ಮಾತು ಹಬ್ಬಿತ್ತು. ಅದಕ್ಕೆ ಪುರಾವೆ ದೊರೆಯಲಿಲ್ಲ, ಆದ್ದರಿಂದ ನಾವದನ್ನು ಹೇಳಬಾರದು. ಆದರೆ ಒಂದು ಚಿಹ್ನೆಯನ್ನು ಸರಕಾರಿ ಪಡೆಯೊಂದು ಎದೆಯ ಮೇಲೆ ಧರಿಸಿ ಮೆರೆದಾಗ ಜಗತ್ತಿನ ಎಲ್ಲ ಜನಾಂಗ ದ್ವೇಷಿಗಳಿಗೆ ಅದು ಕೊಡುವ ಧೈರ್ಯಕ್ಕೆ ಪುರಾವೆಯ ಅಗತ್ಯವಿದೆಯೇ?

2022ರ ಫೆಬ್ರವರಿ 27ರಂದು ಉಕ್ರೇನಿನ ನ್ಯಾಶನಲ್ ಗಾರ್ಡ್ ತನ್ನ ಅಧಿಕೃತ ಟ್ವಿಟರ್ ಖಾತೆಯಲ್ಲಿ ಒಂದು ವೀಡಿಯೊ ಪ್ರಕಟಿಸಿತು. ರಶ್ಯದ ಪರ ಹೋರಾಡಲು ಬಂದ ಚೆಚೆನ್ ಸೈನಿಕರಿಗಾಗಿ ಅಝೋವ್ ಯೋಧನೊಬ್ಬ ಗುಂಡುಗಳಿಗೆ ಹಂದಿಯ ಕೊಬ್ಬು ಸವರುವ ದೃಶ್ಯ ಅದರಲ್ಲಿತ್ತು. ದ್ವೇಷ ಭಾಷಣದ ನಿಯಮವನ್ನು ಇದು ಉಲ್ಲಂಘಿಸಿದೆ ಎಂದು ಒಪ್ಪಿಕೊಂಡ ಟ್ವಿಟರ್, ಸಾರ್ವಜನಿಕ ಹಿತಾಸಕ್ತಿಯ ಹೆಸರಿನಲ್ಲಿ ಅದನ್ನು ಹಾಗೆಯೇ ಉಳಿಸಿತು. 1857ರಲ್ಲಿ ಕೊಬ್ಬು ಸವರಿದ ತೋಟಾಗಳ ಸುದ್ದಿಗೆ ಭಾರತದ ಸಿಪಾಯಿಗಳು ಸಿಡಿದೆದ್ದ ಚರಿತ್ರೆಯನ್ನು ಶಾಲೆಯಲ್ಲಿ ಓದಿದ ನಮಗೆ ಈ ಅವಮಾನದ ಅರ್ಥವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಗುಂಡು ದೇಹವನ್ನು ಕೊಲ್ಲಲಿಕ್ಕೆ. ಹಂದಿಯ ಕೊಬ್ಬು ಒಂದು ಧರ್ಮವನ್ನೇ ಹೀಯಾಳಿಸಲಿಕ್ಕೆ. ಅದೇ ಉಕ್ರೇನಿನ ಪರವಾಗಿ ಶೇಖ್ ಮನ್ಸೂರ್ ಮತ್ತು ಜೋಖರ್ ದುದಾಯೆವ್ ಹೆಸರಿನ ಚೆಚೆನ್ ಮುಸ್ಲಿಮರ ದಳಗಳು 2014ರಿಂದಲೇ ಹೋರಾಡಿದ್ದವು. ಅವರ ನಾಯಕ ಇಸಾ ಮುನಾಯೆವ್ 2015ರ ಫೆಬ್ರವರಿಯಲ್ಲಿ ಉಕ್ರೇನಿಗಾಗಿ ಪ್ರಾಣ ಕೊಟ್ಟಿದ್ದರು. ಆ ವೀಡಿಯೊ ಹಾಕಿದವರು ಅವರನ್ನು ನೆನೆಯಲಿಲ್ಲ.

ಇಷ್ಟನ್ನು ಓದಿದ ಕೆಲವರು ಹಾಗಾದರೆ ಪುಟಿನ್ ಹೇಳಿದ್ದೇ ಸರಿ ಎಂದುಕೊಳ್ಳಬಹುದು. ಇಲ್ಲಿಯೇ ನಾವು ಎಚ್ಚರ ವಹಿಸಬೇಕು. ಅಮೆರಿಕದ ಮೇಲಿನ ಸಿಟ್ಟಿನಿಂದ ರಶ್ಯವನ್ನು ಮಜಲೂಮರ ಮಿತ್ರನೆಂದು ಭಾವಿಸುವ ಚಾಳಿ ನಮ್ಮಲ್ಲಿ ಕೆಲವರಿಗಿದೆ. ಅವರು ಗ್ರೋಝ್ನಿಯನ್ನು ನೆನಪಿಸಿಕೊಳ್ಳಲಿ. ಚೆಚೆನ್ಯದ ಆ ರಾಜಧಾನಿಯನ್ನು ರಶ್ಯದ ಸೇನೆ ಎರಡು ಯುದ್ಧಗಳಲ್ಲಿ ಕಲ್ಲುರಾಶಿಯಾಗಿಸಿತು. 1944ರ ಮೇ 18ರಂದು ಸ್ಟಾಲಿನ್ ಕ್ರಿಮಿಯಾದ ತಾತಾರ್ ಮುಸ್ಲಿಮರನ್ನು, ಎರಡು ಲಕ್ಷದಷ್ಟು ಜನರನ್ನು, ಜಾನುವಾರು ಸಾಗಿಸುವ ರೈಲು ಡಬ್ಬಿಗಳಲ್ಲಿ ತುಂಬಿ ಮಧ್ಯ ಏಶ್ಯಕ್ಕೆ ಗಡೀಪಾರು ಮಾಡಿದ. ಅವರು ದಶಕಗಳ ನಂತರ ಮರಳಿ ಬಂದ ಕ್ರಿಮಿಯಾವನ್ನು 2014ರಲ್ಲಿ ರಶ್ಯ ವಶಪಡಿಸಿಕೊಂಡಿತು. 2016ರಲ್ಲಿ ಅವರ ಪ್ರಾತಿನಿಧಿಕ ಸಭೆಯಾದ ಮಜ್ಲಿಸನ್ನು ಉಗ್ರವಾದಿ ಎಂದು ನಿಷೇಧಿಸಿತು. ಅದೇ ತಾತಾರ್ ಸಮುದಾಯದ ರುಸ್ತೆಮ್ ಉಮೆರೊವ್ 2023ರಲ್ಲಿ ಉಕ್ರೇನಿನ ರಕ್ಷಣಾ ಸಚಿವರಾದರು. ನಾಝಿಗಳ ದೇಶ ಎಂದು ಮಾಸ್ಕೋ ಕರೆಯುವ ಆ ದೇಶದ ಜನ 2019ರಲ್ಲಿ ಯಹೂದಿ ಮೂಲದ ಝೆಲೆನ್ಸ್ಕಿಯನ್ನು ಶೇ. 73 ಮತಗಳಿಂದ ಅಧ್ಯಕ್ಷರನ್ನಾಗಿ ಆರಿಸಿದರು. ಅದೇ ವರ್ಷದ ಸಂಸತ್ ಚುನಾವಣೆಯಲ್ಲಿ ಬಿಲೆಟ್ಸ್ಕಿಯ ಪಕ್ಷವೂ ಸೇರಿದಂತೆ ಎಲ್ಲ ಉಗ್ರ ಬಲಪಂಥೀಯರು ಒಂದಾಗಿ ನಿಂತರೂ ಸಿಕ್ಕಿದ ಮತ ಶೇ. 2.15 ಮಾತ್ರ. ಬೀದಿಯಲ್ಲಿ ಪಂಜು ಹಿಡಿದವರನ್ನು ಜನರು ಮತಗಟ್ಟೆಯಲ್ಲಿ ತಿರಸ್ಕರಿಸಿದ್ದರು.

ರಶ್ಯದ ಪಾಳಯದಲ್ಲೇ ಇರುವ ನಾಝಿ ಭಕ್ತರ ಕಥೆ ಬೇರೆ. 2014ರಲ್ಲಿ ದೊನ್ಬಾಸ್‌ನಲ್ಲಿ ರಶ್ಯದ ಪರ ಹೋರಾಡಿದ 'ರುಸಿಚ್' ಗುಂಪು ಬಹಿರಂಗವಾಗಿಯೇ ನವನಾಝಿ. ಕುಖ್ಯಾತ ವಾಗ್ನರ್ ಪಡೆಯ ಸ್ಥಾಪಕ ದಿಮಿತ್ರಿ ಉತ್ಕಿನ್‌ನ ಮೈಮೇಲೆ ಎಸ್‌ಎಸ್ ಸೇನೆಯ ಹಚ್ಚೆಯಿತ್ತು. ನಾಝಿಗಳಿಂದ ಬಿಡುಗಡೆ ಮಾಡಿಸುತ್ತೇವೆಂದು ಹೊರಟವರು ಮಾರಿಯುಪೋಲ್‌ಗೆ ಕೊಟ್ಟದ್ದೇನು? 2022ರ ಮಾರ್ಚ್ 9ರಂದು ಹೆರಿಗೆ ಆಸ್ಪತ್ರೆಯ ಮೇಲೆ ಬಾಂಬು, 16ರಂದು ನೂರಾರು ಮಂದಿ ಆಶ್ರಯ ಪಡೆದಿದ್ದ ನಾಟಕ ಮಂದಿರದ ಮೇಲೆ ಬಾಂಬು. ಸುಲ್ತಾನ್ ಸುಲೈಮಾನ್ ಮಸೀದಿಯಲ್ಲೂ ಮಕ್ಕಳು ಮರಿಗಳೊಂದಿಗೆ ಜನ ಪ್ರಾಣಭಯದಿಂದ ಅಡಗಿದ್ದರು. ಆ ಒಂದು ನಗರದಲ್ಲಿ ಕನಿಷ್ಠ 8 ಸಾವಿರ ಮಂದಿ ಸತ್ತರೆಂದು ಹ್ಯೂಮನ್ ರೈಟ್ಸ್ ವಾಚ್ ಮತ್ತದರ ಸಹಯೋಗಿಗಳು 2024ರಲ್ಲಿ ಲೆಕ್ಕ ಹಾಕಿದರು. ಅವರಲ್ಲಿ ಯಾರ ಎದೆಯ ಮೇಲೂ ಕಪ್ಪು ಸೂರ್ಯ ಇರಲಿಲ್ಲ.

ಆದರೆ ಆ ಬಾಂಬುಗಳಿಗೆ ನೆಪವೊಂದು ಬೇಕಿತ್ತು, ಆ ನೆಪವನ್ನು ಒದಗಿಸಿದ್ದು 2014ರ ಆ ತೆರೆದ ಬಾಗಿಲು. ಅಝೋವ್ ಇರದಿದ್ದರೂ ಪುಟಿನ್ ದಾಳಿ ಮಾಡುತ್ತಿದ್ದರು, ನಿಜ. ಆದರೆ ಜಗತ್ತಿನ ಕಣ್ಣಿಗೆ ಮಣ್ಣೆರಚಲು ಅವರಿಗೆ ಇಷ್ಟು ಸುಲಭದ ಸಾಧನ ಸಿಗುತ್ತಿರಲಿಲ್ಲ. ಕೆಲವು ನೂರು ದ್ವೇಷಿಗಳ ಶೌರ್ಯವನ್ನು ಎರವಲು ಪಡೆದ ಸರಕಾರ ಅದರ ಬಡ್ಡಿಯನ್ನು ಕೋಟ್ಯಂತರ ನಿರಪರಾಧಿಗಳ ಹೆಸರು ಕೆಡಿಸಿ ತೀರಿಸಬೇಕಾಯಿತು.

ಉಕ್ರೇನಿಗೆ ಈ ಪಾಠ ಹೊಸದಾಗಬಾರದಿತ್ತು. 1941ರ ಸೆಪ್ಟೆಂಬರ್ 29 ಮತ್ತು 30ರಂದು ಕೀವ್ ಬಳಿಯ ಬಾಬಿನ್ ಯಾರ್ ಕಣಿವೆಯಲ್ಲಿ ಜರ್ಮನರು 33,771 ಯಹೂದಿಗಳನ್ನು ಕೊಂದಾಗ ಅವರನ್ನು ಸುತ್ತುವರಿಯಲು ನೆರವಾದವರಲ್ಲಿ ಸ್ಥಳೀಯ ಸಹಾಯಕ ಪೊಲೀಸರಿದ್ದರು. 1943ರ ಮಾರ್ಚ್ 22ರಂದು ಬೆಲಾರೂಸ್‌ನ ಖಾತಿನ್ ಹಳ್ಳಿಯ 149 ಮಂದಿಯನ್ನು ಸುಟ್ಟುಹಾಕಿದ 118ನೆಯ ಸಹಾಯಕ ಪೊಲೀಸ್ ಬೆಟಾಲಿಯನ್‌ನಲ್ಲಿ ಹೆಚ್ಚಿನವರು ಉಕ್ರೇನಿಯನ್ನರು. ಅದೇ ಹೊತ್ತಿನಲ್ಲಿ ಲಕ್ಷಾಂತರ ಉಕ್ರೇನಿಯನ್ನರು ಕೆಂಪು ಸೇನೆಯಲ್ಲಿ ನಾಝಿಗಳ ವಿರುದ್ಧ ಹೋರಾಡಿ ಮಡಿದರು ಎಂಬುದೂ ಅಷ್ಟೇ ಸತ್ಯ. ಜನಾಂಗವೊಂದು ಇಡಿಯಾಗಿ ಪಾಪಿಯೂ ಅಲ್ಲ, ಇಡಿಯಾಗಿ ಪುಣ್ಯವಂತವೂ ಅಲ್ಲ. ಮನುಷ್ಯರ ಕೈಗೆ ಯಾರು, ಯಾವ ಉದ್ದೇಶಕ್ಕೆ, ಯಾವ ಸಮವಸ್ತ್ರ ಕೊಟ್ಟರು ಎಂಬುದೇ ಪ್ರಶ್ನೆ.

ಒಂದು ಆಕ್ಷೇಪ ಉಳಿದಿದೆ. ಅಝೋವ್ ಬದಲಾಗಿದೆ, ಮಾರಿಯುಪೋಲ್‌ನ ಉಕ್ಕಿನ ಕಾರ್ಖಾನೆಯಲ್ಲಿ 2022ರ ಮೇ ತಿಂಗಳವರೆಗೆ ಅದು ಹಸಿವು ಗಾಯಗಳ ನಡುವೆ ಹೋರಾಡಲಿಲ್ಲವೇ ಎಂದು ಕೇಳುವವರಿದ್ದಾರೆ. ಹೋರಾಡಿತು. ಶರಣಾದ ಅದರ ಯೋಧರು ರಶ್ಯದ ವಶದಲ್ಲಿ ನರಕ ಕಂಡರು. 2022ರ ಜುಲೈ 29ರಂದು ಒಲೆನಿವ್ಕಾ ಸೆರೆಮನೆಯಲ್ಲಿ ನಡೆದ ಸ್ಫೋಟದಲ್ಲಿ ಐವತ್ತಕ್ಕೂ ಹೆಚ್ಚು ಕೈದಿಗಳು ಸತ್ತರು. ಕೈದಿಯನ್ನು ಕೊಲ್ಲುವುದು ಅಪರಾಧ, ಆ ಕೈದಿ ಯಾರೇ ಆಗಿರಲಿ. ಅವರ ಕಮಾಂಡರ್ ದೆನಿಸ್ ಪ್ರೊಕೊಪೆಂಕೊ ಮತ್ತಿತರರನ್ನು ಬಿಡಿಸಿ ತನ್ನ ನೆಲದಲ್ಲಿ ಇರಿಸಿಕೊಂಡದ್ದು ಮುಸ್ಲಿಮ್ ದೇಶವಾದ ತುರ್ಕಿ ಎಂಬುದೂ ದಾಖಲಾಗಲಿ. ಪಡೆಗೆ ಹೊಸ ಜನ ಸೇರಿದ್ದಾರೆ, ಅವರಲ್ಲಿ ಹೆಚ್ಚಿನವರು ದೇಶ ಕಾಯಲು ಬಂದವರು ಎಂಬುದನ್ನೂ ಒಪ್ಪೋಣ. ಆದರೆ ಶೌರ್ಯ ಒಂದು ಗುಣ, ನ್ಯಾಯ ಇನ್ನೊಂದು. ಮೊದಲನೆಯದು ಎರಡನೆಯದರ ಸಾಲವನ್ನು ತೀರಿಸುವುದಿಲ್ಲ. ನಿಜವಾಗಿ ಬದಲಾಗಿದ್ದರೆ ಆ ಹಳೆಯ ಹೆಸರನ್ನೂ ಹಳೆಯ ಗುರುತನ್ನೂ ಅಪ್ಪಿಕೊಂಡಿರುವುದೇಕೆ? 2023ರಲ್ಲಿ ಬ್ರಿಗೇಡ್, 2025ರಲ್ಲಿ ಇಡೀ ಒಂದು ಸೇನಾ ಕೋರ್ ಆಗಿ ಬೆಳೆದಾಗಲೂ ಅದೇ ಹೆಸರು. ಬಿಲೆಟ್ಸ್ಕಿ ಕೂಡ 2025ರಲ್ಲಿ ಇನ್ನೊಂದು ಕೋರ್‌ನ ಕಮಾಂಡರ್. ಯುದ್ಧ ಎಂದಾದರೊಂದು ದಿನ ನಿಲ್ಲುತ್ತದೆ. ಆ ದಿನ ಈ ಬಂದೂಕುಗಳು ಸಂಸತ್ತಿನ ಮಾತು ಕೇಳುತ್ತವೆಯೋ, ಸಂಸತ್ತು ಬಂದೂಕುಗಳ ಮಾತು ಕೇಳಬೇಕಾಗುತ್ತದೆಯೋ ಎಂಬುದು ಉಕ್ರೇನಿನ ಜನರ ಮುಂದಿರುವ ಪ್ರಶ್ನೆ.

ಈ ಯುದ್ಧ ನಮಗೆ ದೂರದ್ದೆಂದು ಭಾವಿಸುವಂತಿಲ್ಲ. ಬಿಲೆಟ್ಸ್ಕಿಯ ಸಂಘಟನೆ ಹುಟ್ಟಿದ ಅದೇ ಖಾರ್ಕಿವ್ ನಗರದಲ್ಲಿ, ರಶ್ಯದ ದಾಳಿಗೆ ಸಿಲುಕಿ 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಪ್ರಾಣ ಕಳೆದುಕೊಂಡ. ಅವನಿಗೆ ಯಾರ ಜನಾಂಗ ಶುದ್ಧಿಯೂ ಬೇಕಿರಲಿಲ್ಲ, ಯಾರ ಸಾಮ್ರಾಜ್ಯವೂ ಬೇಕಿರಲಿಲ್ಲ. ಓದಿ ವೈದ್ಯನಾಗಿ ಊರಿಗೆ ಮರಳುವುದಷ್ಟೇ ಬೇಕಿತ್ತು.

ಆದ್ದರಿಂದ ಅಝೋವ್‌ನ ಚರಿತ್ರೆಯನ್ನು ಓದುವಾಗ ನಾವು ಯಾರ ಪಕ್ಷ ಎಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ. ಕೀವ್‌ನ ಉದ್ಯಾನದಲ್ಲಿ ಗುಡಾರ ಕಳೆದುಕೊಂಡ ರೋಮಾ ತಾಯಿಯ ಪಕ್ಷ, ಮಾರಿಯುಪೋಲ್‌ನ ಮಸೀದಿಯಲ್ಲಿ ಅಡಗಿದ ಕುಟುಂಬದ ಪಕ್ಷ, ಕ್ರಿಮಿಯಾದಿಂದ ಎರಡು ಬಾರಿ ನೆಲೆ ಕಳೆದುಕೊಂಡ ತಾತಾರನ ಪಕ್ಷ. ಅಪಾಯದ ಗಳಿಗೆಯಲ್ಲಿ ದ್ವೇಷಿಗಳ ನೆರವು ಪಡೆಯಲು ಯಾವ ಸರಕಾರವೂ, ಯಾವ ಸಮುದಾಯವೂ ಆಸೆಪಡಬಹುದು. ಇವರು ಕೆಟ್ಟವರೇ ಇರಬಹುದು, ಆದರೆ ಈಗ ನಮ್ಮವರು ಎಂದು ಹೇಳಿಕೊಳ್ಳುವುದು ಸುಲಭ. ಉಕ್ರೇನ್ ಹಾಗೆ ಹೇಳಿಕೊಂಡಿತು, ಅಮೆರಿಕ ಹಾಗೆ ಹೇಳಿಕೊಂಡಿತು, ರಶ್ಯವೂ ತನ್ನ ಪಾಳಯದವರ ಬಗ್ಗೆ ಹಾಗೆಯೇ ಹೇಳಿಕೊಂಡಿತು. ನಾವು ಹಾಗೆ ಹೇಳಿಕೊಳ್ಳದಿರೋಣ. ತೊಡಿಸಿದ ಸಮವಸ್ತ್ರವನ್ನು ಕಳಚುವುದು ತೊಡಿಸಿದಷ್ಟು ಸುಲಭವಲ್ಲ.